ಟಿಡಿಎಸ್ ಅಂದ್ರೆ ಬರೀ ತೆರಿಗೆ ಅಲ್ಲ

ನಮ್ಮಂಥ ಸಂಬಳದವರಿಗೆ ಟಿಡಿಎಸ್ ಅಂದ್ರೆ ಹೊಟ್ಟೆ ಉರಿಸುವ ತೆರಿಗೆ. ಓಡಿ ಅಂದ್ರೆ ಕಾಲೇಜಿನ 'ಆನ್ ಡ್ಯೂಟಿ' ಹಾಜರಿ. ಇದೇ ಅಕ್ಷರಗಳು ಡಾಕ್ಟರ ಚೀಟಿಯಲ್ಲಿ ಬಂದರೆ ಲ್ಯಾಟಿನ್ ಆಗಿಬಿಡುತ್ತವೆ. ಓಡಿ ಅಂದರೆ 'ಓಮ್ನಿ ಡಿಯೆ', ದಿನಕ್ಕೊಂದು ಸಲ. ಬಿಡಿ ಅಂದರೆ 'ಬಿಸ್ ಡಿಯೆ', ಎರಡು ಸಲ. (ನಮ್ಮೂರಲ್ಲಿ ಇದನ್ನ ಓದಿದವರು ಬೀಡಿ ಸೇದೋಕೆ ಪರ್ಮಿಷನ್ ಸಿಕ್ತು ಅಂದ್ಕೋತಾರೆ.) ಟಿಡಿಎಸ್ ಅಂದರೆ 'ಟೆರ್ ಡಿಯೆ ಸುಮೆಂಡುಮ್', ದಿನಕ್ಕೆ ಮೂರು ಸಲ ತಗೋಬೇಕು.

ಹೀಗೆ ಅಕ್ಷರ ನುಂಗುವ ಚಾಳಿ ಬಹಳ ಹಳೇದು. ರೋಮಿನ ಭಾಷಣಕಾರ ಸಿಸೆರೋಗೆ ಟೀರೋ ಅಂತ ಒಬ್ಬ ಗುಲಾಮ ಕಾರ್ಯದರ್ಶಿ ಇದ್ದ. ಕ್ರಿ.ಪೂ. 53ರಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತು. ಯಜಮಾನ ಮಾತಾಡುವ ವೇಗಕ್ಕೆ ಬರೆದುಕೊಳ್ಳಲು ಮಾಡಿದ ಗುರುತುಗಳು ಇವತ್ತಿಗೂ ಟೀರೋನ ಹೆಸರಲ್ಲೇ ಇವೆ. 'ಮತ್ತು' ಅನ್ನೋದಕ್ಕೆ ಇಂಗ್ಲಿಷಿನ 7ರ ಹಾಗಿರುವ ಒಂದು ಗೀಟು. ಅದು ಐರ್ಲೆಂಡಿನ ಫಲಕಗಳಲ್ಲಿ ಈಗಲೂ ಕಾಣುತ್ತೆ. ಆಮೇಲೆ ಮಠಗಳಲ್ಲಿ ಪುಸ್ತಕ ನಕಲು ಮಾಡುತ್ತಿದ್ದ ಸನ್ಯಾಸಿಗಳು ಇದನ್ನೇ ಹಿಡಿದರು. ಅವರು ಬರೆಯುತ್ತಿದ್ದದ್ದು ಕುರಿ, ಕರುವಿನ ಚರ್ಮದ ಮೇಲೆ. ಅಕ್ಷರ ಉಳಿಸಿದರೆ ಚರ್ಮ ಉಳಿಯುತ್ತಿತ್ತು. ಚೀಟಿಯ ತಲೆಯ ಮೇಲಿರುವ 'ಆರ್‌ಎಕ್ಸ್' ಕೂಡ ಅದೇ ಮನೆತನದ್ದು: ಅಲ್ಲಿರೋದು ಎಕ್ಸ್ ಅಲ್ಲ, ಆರ್ ಕಾಲಿಗೆ ಅಡ್ಡ ಎಳೆದ ಗೀಟು. 'ರೆಸಿಪೆ', ಅಂದರೆ 'ತಗೋ'. ಹೇಳುತ್ತಿದ್ದದ್ದು ರೋಗಿಗಲ್ಲ, ಔಷಧಿ ಅರೆಯುವವನಿಗೆ.

ಯುರೋಪಿನಲ್ಲಿ ವೈದ್ಯ ಕಲಿಯುತ್ತಿದ್ದದ್ದೇ ಲ್ಯಾಟಿನ್‌ನಲ್ಲಿ. ಲಂಡನ್ನಿನ ವೈದ್ಯರು 1618ರಲ್ಲಿ ತಂದ ಔಷಧಕೋಶವೂ ಲ್ಯಾಟಿನ್‌ದೇ. 1835ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜು ಶುರುವಾಯ್ತು. ಬ್ರಿಟಿಷರ ವೈದ್ಯದ ಜೊತೆ ಅವರ ಚೀಟಿಯ ಭಾಷೆಯೂ ಬಂತು. ಯುರೋಪಿನ ಡಾಕ್ಟರಿಗೂ ಔಷಧಿಯವನಿಗೂ ಅದು ಗೊತ್ತಿದ್ದ ಭಾಷೆ, ಸರಿ. ಇಲ್ಲಿ? ಊರಿಂದ ಅಪ್ಪ ವಾಟ್ಸಾಪಲ್ಲಿ ಚೀಟಿಯ ಫೋಟೋ ಕಳಿಸಿ 'ಇದೇನಪ್ಪಾ ಬರ್ದವ್ರೆ' ಅಂತ ಕೇಳ್ತಾರೆ. ನುಂಗೋರು ಅವರು, ಓದೋಕೆ ಬರದೇ ಇರೋರೂ ಅವರೇ.

ತಮಾಷೆ ಇಲ್ಲಿಗೆ ಸಾಕು. ಅಮೆರಿಕದಲ್ಲಿ ದಿನಕ್ಕೊಂದು ಸಲಕ್ಕೆ 'ಕ್ಯೂಡಿ' ಅಂತ ಬರೆಯುತ್ತಿದ್ದರು, ನಾಲ್ಕು ಸಲಕ್ಕೆ 'ಕ್ಯೂಐಡಿ'. ಕ್ಯೂ ಮುಂದಿನ ಚುಕ್ಕಿ ಸ್ವಲ್ಪ ಉದ್ದವಾದರೆ ಐ ಆಗಿ ಕಾಣುತ್ತೆ, ಡೋಸು ನಾಲ್ಕುಪಟ್ಟು. ಅದಕ್ಕೇ ಅಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಕ್ಯೂಡಿಯನ್ನು 'ಬಳಸಬಾರದು' ಪಟ್ಟಿಗೆ ಸೇರಿಸಿತು. ನಮ್ಮ ಓಡಿ ಏನು ಕಮ್ಮಿ? ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಅದು 'ಓಕ್ಯುಲಸ್ ಡೆಕ್ಸ್ಟರ್', ಬಲಗಣ್ಣು. 2016ರಲ್ಲಿ ನಮ್ಮ ವೈದ್ಯಕೀಯ ಮಂಡಳಿ ಔಷಧಿಯ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಿರಿ ಅಂದಿತು. ಒಳ್ಳೇದೇ. ಆದರೆ ಬಿಡಿಯನ್ನು ದೊಡ್ಡಕ್ಷರದಲ್ಲಿ ಬರೆದರೂ ಬಿಡಿಯೇ ತಾನೆ.

ಸದ್ಯಕ್ಕೆ ನಮ್ಮ ಅನುವಾದಕ ಮೆಡಿಕಲ್ ಶಾಪಿನ ಹುಡುಗ. ಲ್ಯಾಟಿನ್ ಓದಿ, ಕವರ್ ಮೇಲೆ 1-0-1 ಅಂತ ಗೀಚಿ, 'ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ್ಮೇಲೆ' ಅಂತ ಬಾಯಲ್ಲೂ ಹೇಳ್ತಾನೆ. ಅಂಗಡೀಲಿ ರಷ್ ಇದ್ದರೆ ಅದೂ ಇಲ್ಲ.

ಹಾಂ, ಅಪ್ಪ ಕಳಿಸೋ ಫೋಟೋದಲ್ಲಿ ಎಸ್‌ಓಎಸ್ ಕಂಡರೆ ಗಾಬರಿ ಬೀಳಬೇಡಿ. ಅದು ಮುಳುಗೋ ಹಡಗಿನ ಕೂಗಲ್ಲ. 'ಸಿ ಓಪುಸ್ ಸಿಟ್', ಬೇಕಾದರೆ ಮಾತ್ರ. ನೋವಿಲ್ಲದಿದ್ದರೆ ಆ ಮಾತ್ರೆ ಬೇಡ ಅಂತ ಫೋನ್ ಮಾಡಿ ಹೇಳಿ.