ಅಂಕೋಲೆಯ ಸೀಮೆಯಲ್ಲಿ ಮಕ್ಕಳ ಓದು

ಹುಬ್ಬಳ್ಳಿಯಿಂದ ಹೊರಟು, ಯಲ್ಲಾಪುರದ ಕಾಡನ್ನು ಹಾದು, ಅರಬೈಲ ಘಟ್ಟವನ್ನಿಳಿದು ಬರುವ ಹೆದ್ದಾರಿಯು ಕರಾವಳಿಯ ಹೆದ್ದಾರಿಯನ್ನು ಕೂಡುವ ಎಡೆಯಲ್ಲಿ, ಅಂಕೋಲೆಯ ಮಗ್ಗುಲಿಗೆ, ಬಾಳೆಗುಳಿ ಎಂಬ ಊರು ಉಂಟು. ಘಟ್ಟದ ಮೇಲಣ ನಾಡಿನಿಂದ ಈ ಹೆದ್ದಾರಿಯಲ್ಲಿ ಇಳಿದು ಬರುವುದೆಲ್ಲವೂ ಮೊದಲು ಬಾಳೆಗುಳಿಯನ್ನು ಮುಟ್ಟಿ, ಅನಂತರವೇ ಕಾರವಾರಕ್ಕೆಂದೂ ಕುಮಟೆಗೆಂದೂ ಕವಲೊಡೆಯುತ್ತದೆ. ಈ ಸೀಮೆಯನ್ನೊಳಗೊಂಡ ಕೆನರಾ ಜಿಲ್ಲೆಯ ಉತ್ತರ ಭಾಗವು 1862ರಲ್ಲಿ ಮದರಾಸು ಆಧಿಪತ್ಯದಿಂದ ಬೇರ್ಪಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿನಲ್ಲಿ ಹಡಗಿಗೇರಿಸಬೇಕೆಂಬ ಆಲೋಚನೆಯೇ ಆ ವಿಭಜನೆಗೆ ಮುಖ್ಯ ಪ್ರೇರಣೆಯಾಗಿದ್ದಿತು. ಹತ್ತಿಗಾಗಿ ಎಳೆದ ಆ ಗಡಿಯು ಮಕ್ಕಳ ಪಾಟಿಯ ಮೇಲೂ ಬಿದ್ದಿತು. ಒಂದೇ ಕಡಲು, ಒಂದೇ ಮಳೆಯಾಗಿದ್ದ ಕರಾವಳಿಯಲ್ಲಿ ಭಟ್ಕಳದಿಂದ ದಕ್ಷಿಣಕ್ಕೆ ಮದರಾಸಿನ ವಿದ್ಯಾ ಇಲಾಖೆಯ ಪುಸ್ತಕ, ಉತ್ತರಕ್ಕೆ ಮುಂಬಯಿ ವಿದ್ಯಾ ಇಲಾಖೆಯ ಪುಸ್ತಕ ಎಂದಾಗಿ, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡುವವರೆಗೂ ಆ ಭೇದವು ಉಳಿಯಿತು.

ಓದಲೊಲ್ಲದ ಮಗುವಿನ ಪ್ರಶ್ನೆಯನ್ನು ನಮ್ಮ ಕಾಲದ ತಂದೆತಾಯಿಗಳು ಮೊಬೈಲಿನೊಡನೆ ಹುಟ್ಟಿದ ಪ್ರಶ್ನೆಯೆಂದು ಬಗೆದು ಸಂಕಟಪಡುತ್ತಾರೆ. ಆ ಸಂಕಟವು ಸಹಜವೇ ಆದರೂ, ಪುಸ್ತಕವನ್ನು ಕಂಡು ಮೋರೆ ತಿರುಗಿಸುವ ಮಗು ಈ ಸೀಮೆಯಲ್ಲಿ ಶಾಲೆಯಷ್ಟೇ ಪುರಾತನವಾದುದು; ಅದಕ್ಕೆ ಕಾರಣಗಳಿದ್ದುವು, ಆ ಕಾರಣಗಳನ್ನು ಅರಿತು ಮಗುವನ್ನು ಓದಿಗೆ ಒಲಿಸಿದವರೂ ಇದ್ದರು. ಅವರು ನಡೆದ ದಾರಿಯನ್ನು ನೆನೆಯುವುದೇ ಈ ಬರಹದ ಉದ್ದೇಶ.

ಸರಕಾರಿ ಶಾಲೆಗಳು ಬರುವುದಕ್ಕೆ ಮುನ್ನ ಅಕ್ಷರವು ದೊರೆಯುತ್ತಿದ್ದುದು ಐಗಳ ಮಠದಲ್ಲಿ. ವಿಜಯದಶಮಿಯಂದು ಅಕ್ಕಿಯ ಮೇಲೆ ಬೆರಳು ಹಿಡಿಸಿ ಬರೆಯಿಸಿದ ಓಂಕಾರದಿಂದ ಆರಂಭವಾಗಿ, ಹರಡಿದ ಮರಳಿನಲ್ಲಿ ಅಕ್ಷರವನ್ನು ತಿದ್ದಿ ತಿದ್ದಿ, ಕಾಗುಣಿತವನ್ನೂ ಮಗ್ಗಿಯನ್ನೂ ಒಕ್ಕೊರಲಿನಿಂದ ಕೂಗಿ, ಕಡೆಗೆ ಅಮರಕೋಶದ ಶ್ಲೋಕಗಳನ್ನು ಅರ್ಥವಿಲ್ಲದೆಯೇ ಕಂಠಸ್ಥ ಮಾಡುವಲ್ಲಿಗೆ ಆ ವಿದ್ಯೆಯು ಮುಟ್ಟುತ್ತಿದ್ದಿತು. ಅದರಲ್ಲಿ ಒಳಿತೇ ಇರಲಿಲ್ಲವೆಂದು ನಾನು ಹೇಳಲಾರೆ. ಸ್ಮರಣಶಕ್ತಿಯೂ ಉಚ್ಚಾರಣೆಯ ಶುದ್ಧಿಯೂ ಅಲ್ಲಿ ಬೆಳೆದುವು. ಆದರೆ ಅಕ್ಷರಕ್ಕೂ ಅರ್ಥಕ್ಕೂ ನಡುವೆ ವರ್ಷಗಳ ಅಂತರವನ್ನಿರಿಸಿ, ಆ ಅಂತರವನ್ನು ಬೆತ್ತದಿಂದ ತುಂಬಿದ ಪದ್ಧತಿಯಲ್ಲಿ ಓದೆಂಬುದು ಆನಂದದ ವಸ್ತುವಾಗಿ ತೋರುವ ಸಂಭವವೇ ಇರಲಿಲ್ಲ.

ಮುಂಬಯಿ ಆಧಿಪತ್ಯದ ಕನ್ನಡ ಸೀಮೆಗೆ ಕ್ರಮಬದ್ಧವಾದ ಶಾಲೆಗಳು ಬಂದುದು ಧಾರವಾಡದ ಮೂಲಕ. ವಿದ್ಯಾಧಿಕಾರಿಯಾಗಿದ್ದ ರಸೆಲ್ ಸಾಹೇಬರ ಬೆಂಬಲದಿಂದ ಡೆಪ್ಯುಟಿ ಚೆನ್ನಬಸಪ್ಪನವರು, ಮರಾಠಿಯ ಪ್ರಾಬಲ್ಯದಲ್ಲಿ ಮಸುಳಿಹೋಗಿದ್ದ ಕನ್ನಡಕ್ಕೆ ಶಾಲೆಗಳನ್ನು ಕಟ್ಟಿ, ಮಾಸ್ತರರನ್ನು ತಯಾರಿಸಿ, ಆ ಮಾಸ್ತರರಿಗಾಗಿ ‘ಮಠಪತ್ರಿಕೆ’ಯನ್ನು ಹೊರಡಿಸಿ ಮಾಡಿದ ಸೇವೆಯನ್ನು ಉತ್ತರ ಕನ್ನಡದವರೂ ಕೃತಜ್ಞತೆಯಿಂದ ನೆನೆಯತಕ್ಕದ್ದು. ಎಳೆಯರ ಬಿಗರಿ ತರಗತಿಯಿಂದ ಒಂದನೆಯ ಇಯತ್ತೆ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಪ್ರಾಥಮಿಕ ಶಿಕ್ಷಣದ ಕೊನೆಯ ಮುಲ್ಕಿ ಪರೀಕ್ಷೆಯವರೆಗೆ ಸಾಗುವ ವ್ಯವಸ್ಥೆಯೊಂದು ಕಾಲಕ್ರಮದಲ್ಲಿ ನೆಲೆಗೊಂಡಿತು. ಮರಳು ಹೋಗಿ ಪಾಟಿ ಬಂದಿತು, ಪುಸ್ತಕವೂ ಬಂದಿತು. ಆದರೂ ಪುಸ್ತಕದ ಕ್ರಮವು ಹಳೆಯದೇ ಆಗಿದ್ದಿತು: ಮೊದಲು ಸ್ವರ, ಅನಂತರ ವ್ಯಂಜನ, ಅನಂತರ ಕಾಗುಣಿತ, ಅನಂತರ ಒತ್ತಕ್ಷರ, ಇವೆಲ್ಲವೂ ಮುಗಿದ ಮೇಲೆ ಒಂದು ವಾಕ್ಯ.

ಕಾರವಾರ ಮತ್ತು ಅಂಕೋಲೆಗಳಲ್ಲಿ ಈ ಕಷ್ಟಕ್ಕೆ ಇನ್ನೊಂದು ಕಷ್ಟವು ಸೇರಿಕೊಂಡಿತು. ಕಾರವಾರದ ಬಹುಮಂದಿ ಮಕ್ಕಳ ಮನೆಮಾತು ಕೊಂಕಣಿ. ಅಂಕೋಲೆಯ ಹಾಲಕ್ಕಿ ಒಕ್ಕಲ ಮಕ್ಕಳದು ಕನ್ನಡವೇ ಆದರೂ ಆ ಕನ್ನಡದ ಧಾಟಿ, ಶಬ್ದ, ಕ್ರಿಯಾಪದಗಳ ರೂಪ ಎಲ್ಲವೂ ಪುಸ್ತಕದ ಕನ್ನಡದಿಂದ ದೂರವಾದುವು. ತಾಯಿಯ ಬಾಯಿಂದ ಎಂದೂ ಕೇಳದ ಮಾತನ್ನು, ಕಣ್ಣಿಂದ ಎಂದೂ ಕಾಣದ ವಸ್ತುವಿನ ಹೆಸರನ್ನು, ಬಿಡಿಬಿಡಿಯಾದ ಅಕ್ಷರಗಳಿಂದ ಜೋಡಿಸಿ ಓದೆಂದರೆ ಆರು ವರ್ಷದ ಕೂಸು ಏನು ಮಾಡೀತು? ಒಂದೊಂದು ಅಕ್ಷರವನ್ನು ಹಿಡಿದು ಮುಂದಿನದಕ್ಕೆ ಸಾಗುವಷ್ಟರಲ್ಲಿ ಹಿಂದಿನದು ಮರೆತುಹೋಗುತ್ತದೆ. ಸಾಲಿನ ಕೊನೆಯನ್ನು ಮುಟ್ಟಿದಾಗ ಕೈಯಲ್ಲಿ ಅರ್ಥವೆಂಬುದು ಏನೂ ಉಳಿದಿರುವುದಿಲ್ಲ. ಇಷ್ಟು ಶ್ರಮಕ್ಕೆ ಇಷ್ಟೂ ಫಲವಿಲ್ಲದ ಕೆಲಸವನ್ನು ದೊಡ್ಡವರಾದರೂ ಇಷ್ಟಪಟ್ಟು ಮಾಡುವುದಿಲ್ಲ. ಮಗುವಿನ ಮೈಗಳ್ಳತನವೆಂದು ಹಿರಿಯರು ಕರೆದುದು ಬಹುಪಾಲು ಈ ನಿಷ್ಫಲ ಶ್ರಮದ ಬಳಲಿಕೆಯೇ ಎಂದು ನನ್ನ ದೃಢವಾದ ನಂಬಿಕೆ.

ಈ ಮಾತಿಗೆ ಸಾಕ್ಷಿಯಾಗಿ ಕಾರವಾರಕ್ಕೆ ಬಂದುಹೋದ ಒಬ್ಬ ಮಹನೀಯರನ್ನು ಇಲ್ಲಿ ಸ್ಮರಿಸಬಹುದು. 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿ ಕಾರವಾರದಲ್ಲಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ಬಂದು ತಂಗಿದ್ದರು; ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವು ಆ ಕಡಲತೀರದಲ್ಲಿ ರಚಿತವಾಯಿತು. ಈ ಮಹಾಕವಿಯೂ ಬಾಲ್ಯದಲ್ಲಿ ಶಾಲೆಯನ್ನು ಸಹಿಸದೆ, ಒಂದು ಶಾಲೆಯಿಂದ ಮತ್ತೊಂದಕ್ಕೆ ಸರಿದು, ಕಡೆಗೆ ಬಿಟ್ಟೇಬಿಟ್ಟವರು. ಕಾರವಾರದ ವಾಸವನ್ನೂ ಒಳಗೊಂಡ ತಮ್ಮ ‘ಜೀವನಸ್ಮೃತಿ’ಯಲ್ಲಿ ಅವರು ಓದಿನ ಮೊದಲ ಸಂತೋಷವನ್ನು ವರ್ಣಿಸಿದ್ದಾರೆ: ಅರ್ಥವಿಲ್ಲದ ಅಕ್ಷರಜೋಡಣೆಯ ಬಿರುಗಾಳಿಯನ್ನು ದಾಟಿ, ಮಳೆಯನ್ನೂ ಎಲೆಯನ್ನೂ ಕುರಿತ ಪುಟ್ಟದೊಂದು ಪ್ರಾಸದ ನುಡಿಯನ್ನು ಪುಸ್ತಕದಲ್ಲಿ ಕಂಡ ದಿನ, ಓದು ಮುಗಿದ ಮೇಲೂ ಅದರ ನಾದವು ಕಿವಿಯಲ್ಲಿ ಮುಗಿಯದೆ ಉಳಿಯಿತಂತೆ. ಎಳೆಯ ವಯಸ್ಸಿನ ಆ ಅನುಭವವನ್ನು ಮರೆಯದ ರವೀಂದ್ರರು, ಜಗತ್ತೇ ಕೊಂಡಾಡುವ ಕವಿಯಾದ ಮೇಲೆ, 1930ರಲ್ಲಿ, ನಂದಲಾಲ ಬೋಸರ ಚಿತ್ರಗಳೊಡನೆ ‘ಸಹಜ ಪಾಠ’ವೆಂಬ ಮೊದಲೋದಿನ ಪುಸ್ತಕವನ್ನು ಬಂಗಾಳದ ಮಕ್ಕಳಿಗಾಗಿ ಬರೆದರು.

ನಾದದಿಂದ ಓದಿಗೆ ಹೋಗುವ ಈ ದಾರಿಯು ನಮ್ಮ ಸೀಮೆಯ ಜನರಿಗೆ ಅಪರಿಚಿತವಾಗಿರಲಿಲ್ಲ. ಶಾಲೆಯ ಹೊರಗೆ ಅದು ನಿತ್ಯವೂ ತೆರೆದೇ ಇದ್ದಿತು. ಶ್ರಾವಣದ ಜಡಿಮಳೆಯಲ್ಲಿ ಜಗಲಿಯ ಮೇಲೆ ದೀಪವನ್ನಿಟ್ಟು, ಒಬ್ಬರು ಜೈಮಿನಿ ಭಾರತವನ್ನೋ ಗದುಗಿನ ಭಾರತವನ್ನೋ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಮನೆಯ ಮಕ್ಕಳು ತೂಕಡಿಸುತ್ತಲಾದರೂ ಕೇಳುವುದು. ಸುಗ್ಗಿಯ ಕಾಲಕ್ಕೆ ಗುಮಟೆಯ ದನಿ, ಹಾಲಕ್ಕಿ ಹೆಂಗಸರ ಹಾಡು. ಅಕ್ಷರವನ್ನರಿಯದೆಯೇ ಸಾವಿರಾರು ಹಾಡುಗಳನ್ನು ಎದೆಯಲ್ಲಿರಿಸಿಕೊಂಡಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಅಂಕೋಲೆಯ ಈ ಕೇಳ್ಮೆಯ ಸಂಪತ್ತು ಎಷ್ಟು ದೊಡ್ಡದೆಂಬುದು ಹೊರಗಿನವರಿಗೂ ತಿಳಿಯಿತು. ಇಂಥ ಮನೆಯಿಂದ ಬಂದ ಮಗು ಬರಿಗೈಯಲ್ಲಿ ಶಾಲೆಗೆ ಬಂದುದೆಂದು ಎಣಿಸುವುದು ತಪ್ಪು. ಅದರ ಕಿವಿಯಲ್ಲಿ ಛಂದಸ್ಸು ಆಗಲೇ ಮನೆಮಾಡಿಕೊಂಡಿರುತ್ತದೆ.

ಎಲ್ಲಕ್ಕೂ ಮಿಗಿಲಾಗಿ ಯಕ್ಷಗಾನ. ಬೆಳೆ ಕೊಯ್ದ ಗದ್ದೆಯಲ್ಲಿ ಇರುಳಿಡೀ ಆಟವನ್ನು ನೋಡಿ ಬಂದ ಹುಡುಗನು ಮರುದಿನ ಹಾಳೆಯ ಕಿರೀಟವನ್ನು ಕಟ್ಟಿಕೊಂಡು ಕುಣಿಯುವುದೂ, ಕೇಳಿದ ಪದ್ಯವನ್ನು ಗುನುಗುವುದೂ, ಆ ಪದ್ಯವು ಅಚ್ಚಾದ ಪ್ರಸಂಗದ ಪುಸ್ತಕವೊಂದು ಮನೆಯಲ್ಲೋ ನೆರೆಯಲ್ಲೋ ಇದ್ದರೆ ಅದನ್ನು ಬಿಚ್ಚಿ ಬೆರಳಿಟ್ಟು ಓದತೊಡಗುವುದೂ ಈ ಕರಾವಳಿಯ ಉದ್ದಕ್ಕೂ ಕಂಡುಬಂದ ಸಂಗತಿ. ಇಲ್ಲಿ ಆಗುವ ಕ್ರಿಯೆಯನ್ನು ಸ್ವಲ್ಪ ನಿಂತು ನೋಡಬೇಕು. ಪದ್ಯವು ಹುಡುಗನಿಗೆ ಮೊದಲೇ ಬಾಯಿಗೆ ಬರುತ್ತದೆ, ಕಥೆಯೂ ತಿಳಿದಿದೆ, ಮುಂದಿನ ಶಬ್ದ ಯಾವುದೆಂಬುದನ್ನು ತಾಳವೇ ಸೂಚಿಸುತ್ತದೆ. ಆದ್ದರಿಂದ ಅಕ್ಷರವನ್ನು ಗುರುತಿಸುವ ಭಾರವೊಂದೇ ಅವನ ಮೇಲಿರುವುದು, ಅದನ್ನೂ ಅವನು ಊಹೆಯಿಂದ ಹಗುರ ಮಾಡಿಕೊಳ್ಳುತ್ತಾನೆ. ಊಹಿಸಿದ ಶಬ್ದವೇ ಪುಟದ ಮೇಲೂ ಇರುವುದನ್ನು ಕಂಡಾಗ ಉಂಟಾಗುವ ಉಲ್ಲಾಸವು ಅವನನ್ನು ಮುಂದಿನ ಸಾಲಿಗೆ ಎಳೆದೊಯ್ಯುತ್ತದೆ. ನಾಲ್ಕು ಬಾರಿ ಓದಿದ ಪುಸ್ತಕವನ್ನೇ ಮಗು ಐದನೆಯ ಬಾರಿ ಬೇಡಿದರೆ ಬೇಸರಪಡುವ ತಂದೆತಾಯಿಗಳು ಇದನ್ನು ಗಮನಿಸತಕ್ಕದ್ದು: ಆ ಮರುಕಳಿಕೆಯಲ್ಲಿಯೇ ಕಿವಿಯಲ್ಲಿದ್ದುದು ಕಣ್ಣಿಗೆ ಇಳಿಯುತ್ತದೆ.

ದಕ್ಷಿಣದ ಕರಾವಳಿಯಲ್ಲಿ ಈ ಗುಟ್ಟನ್ನು ಶಾಲೆಯೊಳಕ್ಕೆ ತಂದವರು ಪಂಜೆ ಮಂಗೇಶರಾಯರು (1874–1937). ಸ್ವತಃ ಶಿಕ್ಷಕರೂ ಶಾಲೆಗಳ ತನಿಖಾಧಿಕಾರಿಗಳೂ ಆಗಿದ್ದುದರಿಂದ ಮಕ್ಕಳ ಬಾಯಿ ಎಲ್ಲಿ ತಡವರಿಸುತ್ತದೆ, ಎಲ್ಲಿ ನಲಿಯುತ್ತದೆ ಎಂಬುದನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯು, ಒಂದು ಪ್ರಶ್ನೆಗೆ ಬಂದ ಉತ್ತರವೇ ಇನ್ನೊಂದು ಪ್ರಶ್ನೆಯನ್ನು ಹುಟ್ಟಿಸುತ್ತ, ಅದೇ ಮಾತು ಮತ್ತೆ ಮತ್ತೆ ಮರಳುತ್ತ ಸಾಗುವ ಬಗೆಯದು. ಎರಡು ಪ್ರಶ್ನೆಗಳಾಗುವಷ್ಟರಲ್ಲಿ ಕೇಳುವ ಮಗು ಹೇಳುವ ಮಗುವಾಗಿಬಿಡುತ್ತದೆ. ಬೇಲೆಕೇರಿಯಂಥ ಊರಿನ ಮೀನುಗಾರರ ಕೇರಿಯಲ್ಲಿ ಹುಟ್ಟಿ, ಬಿಸಿಲಿಗೆ ಹರಡಿದ ಸಿಗಡಿಯನ್ನು ಕಾಗೆಯಿಂದ ಕಾಯುವ ಮಗುವಿಗೆ ತನ್ನ ಮನೆಯಂಗಳವೇ ಪುಸ್ತಕಕ್ಕೆ ಬಂದುದನ್ನು ಕಂಡು ಆಗುವ ಸಂತೋಷ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಉತ್ತರದ ಕರಾವಳಿಗೆ ಅದೇ ಭಾಗ್ಯವು ದಿನಕರ ದೇಸಾಯಿಯವರಿಂದ ಒದಗಿತು. 1909ರ ಸೆಪ್ಟೆಂಬರ್ 10ರಂದು ಅಂಕೋಲೆ ತಾಲೂಕಿನಲ್ಲಿ ಜನಿಸಿದ ಇವರನ್ನು ಕನ್ನಡಿಗರು ಚುಟುಕಗಳ ಕವಿಯೆಂದು ಬಲ್ಲರು. ಗೇಣಿದಾರ ರೈತರ ಪಕ್ಷವನ್ನು ಹಿಡಿದು ಹೋರಾಡಿ ಜಿಲ್ಲೆಯಿಂದ ಗಡೀಪಾರಾದ ನಾಯಕರೆಂದು ಅಂಕೋಲೆಯ ಹಳಬರು ಬಲ್ಲರು. 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದವರೆಂದು ರಾಜಕಾರಣ ಬಲ್ಲವರು ಹೇಳುವರು. ಆದರೆ ಈ ಎಲ್ಲ ಕೆಲಸಗಳ ಬುಡದಲ್ಲಿದ್ದುದು ಮಕ್ಕಳ ವಿದ್ಯೆಯ ಚಿಂತೆಯೆಂದೇ ನನಗೆ ತೋರುತ್ತದೆ. ಅವರು ಸೇರಿದ ಭಾರತ ಸೇವಕ ಸಮಾಜವನ್ನು 1905ರಲ್ಲಿ ಸ್ಥಾಪಿಸಿದ ಗೋಪಾಲಕೃಷ್ಣ ಗೋಖಲೆಯವರು, ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು 1911ರಲ್ಲಿ ಮಸೂದೆಯನ್ನು ತಂದು, ಮರುವರ್ಷ ಅದು ಬಿದ್ದುಹೋದುದನ್ನು ಕಂಡವರು. ಗುರುವಿನ ಆ ಅಪೂರ್ಣ ಸಂಕಲ್ಪವನ್ನು ಶಿಷ್ಯಪರಂಪರೆಯ ದೇಸಾಯಿಯವರು ಬಿಡಲಿಲ್ಲ. 1938ರಲ್ಲಿ ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಹಳ್ಳಿಗಾಡಿನಲ್ಲಿ ಪ್ರೌಢಶಾಲೆಗಳನ್ನು ತೆರೆದರು. 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ, ಅವರ ಶತಮಾನೋತ್ಸವದ ಹೆಸರಿನಲ್ಲಿಯೇ ಅಂಕೋಲೆಗೊಂದು ಕಾಲೇಜು ಬಂದಿತು.

ಶಾಲೆಯ ಗೋಡೆ ಕಟ್ಟುವವರು ಅನೇಕರಿರುತ್ತಾರೆ. ಆ ಗೋಡೆಯೊಳಗೆ ಕುಳಿತ ಮಗುವಿನ ಬಾಯಿಗೆ ಪದ್ಯವನ್ನೂ ಬರೆದುಕೊಡುವವರು ವಿರಳ. ದೇಸಾಯಿಯವರು ಎರಡನ್ನೂ ಮಾಡಿದರು. ಮುಂಬಯಿಯ ಹಡಗು ಕಾರ್ಮಿಕರ ಸಂಘದ ದುಡಿಮೆಯ ನಡುವೆಯೂ ಅವರು ಮಕ್ಕಳ ಪದ್ಯಗಳನ್ನು ರಚಿಸುತ್ತಿದ್ದರು. ಗಡಿಯಾರವನ್ನು ಕುರಿತ ಅವರ ಪದ್ಯವನ್ನು ಕನ್ನಡ ಶಾಲೆಯ ಎಷ್ಟೋ ತಲೆಮಾರುಗಳು ಬಾಯಿಪಾಠ ಮಾಡಿವೆ. ಅದರಲ್ಲಿ ಉಪದೇಶದ ಭಾರವಿಲ್ಲ, ನಡಿಗೆಯಲ್ಲಿ ಎಡರಿಲ್ಲ. ಗಡಿಯಾರದ ಸಪ್ಪಳವೇ ಛಂದಸ್ಸಾಗಿ, ಪ್ರಾಸವೇ ಮುಂದಿನ ಶಬ್ದಕ್ಕೆ ದಾರಿ ತೋರುವುದರಿಂದ, ಅಕ್ಷರಕ್ಕೆ ಅಂಜುವ ಮಗುವೂ ಅದನ್ನು ಓದಿ ಮುಗಿಸಬಲ್ಲುದು. ಮುಗಿಸಿದೆನೆಂಬ ಆ ಧೈರ್ಯವು ಮಗುವಿಗೆ ಬಹುಮಾನಕ್ಕಿಂತ ದೊಡ್ಡದು. ದೇಸಾಯಿಯವರು 1982ರಲ್ಲಿ ತೀರಿಕೊಂಡ ಮೇಲೆ ಅವರ ಬರಹವು ಊರಿನ ನೆನಪಿನಿಂದ ಮರೆಯಾಗದಂತೆ ಕಾಪಾಡಿದವರಲ್ಲಿ ರಾಘವೇಂದ್ರ ಪ್ರಕಾಶನದ ಅಂಬಾರಕೊಡ್ಲದ ವಿಷ್ಣು ನಾಯ್ಕರು ಮುಖ್ಯರು.

ಉಳಿದ ಕಥೆಯು ಇಡೀ ಕನ್ನಡ ನಾಡಿನದು. 1949ರಿಂದ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’ವು ಬಸ್ಸು ಮುಟ್ಟುವ ಊರುಗಳಿಗೆಲ್ಲ ಮುಟ್ಟಿ, ಬೇತಾಳನ ಪ್ರಶ್ನೆಗೆ ಉತ್ತರವನ್ನರಿಯಲು ಅವಸರಪಡುವ ಓದುಗರನ್ನು ಬೆಳೆಸಿತು. 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ಯು, ಅಕ್ಷರಮಾಲೆಯ ಕಟ್ಟುನಿಟ್ಟಾದ ಅನುಕ್ರಮವನ್ನು ಬಿಟ್ಟು, ಹಾಡು, ಚಿತ್ರ, ಚಟುವಟಿಕೆಗಳ ಮೂಲಕ ಮಗು ತನ್ನ ವೇಗದಲ್ಲಿಯೇ ಕಲಿಯುವಂತೆ ಏರ್ಪಡಿಸಿ, ಕಾಲಕ್ರಮದಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿತು. ಅದರ ಗುಣದೋಷಗಳ ಚರ್ಚೆ ಬೇರೆ. ಮೊದಲು ಹಾಡು, ಆಮೇಲೆ ಅಕ್ಷರವೆಂಬ ನ್ಯಾಯವನ್ನು ಸರಕಾರವೇ ಒಪ್ಪಿತೆಂಬುದು ನನಗೆ ದೊಡ್ಡ ಸಂಗತಿ. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವವನ್ನು ಮಕ್ಕಳಿಗೆ ಉಚಿತವಾಗಿ ತೆರೆದುದೂ ಸ್ತುತ್ಯವೇ.

ಆದರೆ ಪುಸ್ತಕವು ಹತ್ತಿರ ಬಂದಮಾತ್ರಕ್ಕೆ ಒಲ್ಲದ ಮಗು ಅದನ್ನು ಬಿಚ್ಚುವುದಿಲ್ಲ. ಬಿಚ್ಚಿ ಗಟ್ಟಿಯಾಗಿ ಓದುವ ಹಿರಿಯರೊಬ್ಬರು ಬೇಕು. ಜಗಲಿಯ ಮೇಲೆ ಭಾರತ ಓದುತ್ತಿದ್ದ ಅಜ್ಜನ ಸ್ಥಾನವು ನಮ್ಮ ಮನೆಗಳಲ್ಲಿ ತೆರವಾಗಿದೆ. ಮನೆಮಾತು ಕೊಂಕಣಿಯಾಗಲಿ ಹಾಲಕ್ಕಿ ಕನ್ನಡವಾಗಲಿ, ಕಥೆಯನ್ನು ಮೊದಲು ಆ ಮಾತಿನಲ್ಲಿ ಹೇಳಿ ಅನಂತರ ಪುಸ್ತಕದ ಸಾಲನ್ನು ಓದಿ ತೋರಿಸುವುದಕ್ಕೆ ದಿನಕ್ಕೆ ಕಾಲು ಗಂಟೆಯೂ ಹಿಡಿಯದು. ಅಂಕೋಲೆ ಮತ್ತು ಕಾರವಾರ ತಾಲೂಕುಗಳ ಗ್ರಂಥಾಲಯದವರಲ್ಲಿ, ಶಿಕ್ಷಕರಲ್ಲಿ, ಊರಿನ ಅನುಕೂಲಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ದಿನಕರ ದೇಸಾಯಿಯವರ ಮಕ್ಕಳ ಪದ್ಯಗಳನ್ನು ದೊಡ್ಡ ಅಕ್ಷರಗಳಲ್ಲಿ, ಕಡಲು ಗದ್ದೆಗಳ ಚಿತ್ರಗಳೊಡನೆ ಅಚ್ಚು ಹಾಕಿಸಿ, ತಾಲೂಕಿನ ಒಂದೊಂದು ಅಂಗನವಾಡಿಗೂ ತಲಪಿಸಿರಿ, ವಾರಕ್ಕೊಂದು ಸಂಜೆ ಪಂಚಾಯಿತಿಯ ಗ್ರಂಥಾಲಯದಲ್ಲಿ, ಪದ್ಯವನ್ನು ರಾಗವಾಗಿ ಓದಬಲ್ಲ ಒಬ್ಬರನ್ನು ಮಕ್ಕಳ ನಡುವೆ ಕೂರಿಸಿರಿ. ಘಟ್ಟವಿಳಿದು ಬರುವುದೆಲ್ಲವೂ ಮೊದಲು ಮುಟ್ಟುವ ಬಾಳೆಗುಳಿಯಿಂದಲೇ ಆ ಕೆಲಸವನ್ನು ಆರಂಭಿಸಬಹುದು.