ಗೋಡೆಯ ತೂತು, ಕಿರಿದಾದ ಬಾಗಿಲು

ಖಂಡೇರಾಜುರಿಯ ಕಡೆಯಿಂದ ಬೇನೆ ಬಿದ್ದವರನ್ನು ಮಿರಜಕ್ಕೆ ಒಯ್ಯುವುದು ತಲೆಮಾರುಗಳ ರೂಢಿ. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿರಜದಲ್ಲಿ ದವಾಖಾನೆ ತೆರೆದಾಗ, ಎದೆಯೊಳಗಿನ ಸುದ್ದಿ ತಿಳಿಯಲು ವೈದ್ಯರಿಗೆ ಇದ್ದದ್ದು ಕೈ, ಕಿವಿ ಮತ್ತು ಸ್ಟೆತಾಸ್ಕೋಪು. ಆ ಕಿವಿಯನ್ನೇ ಮೋಸಗೊಳಿಸುವ ಒಂದು ವಿರಳ ಹೃದಯದೋಷದ ಚರಿತ್ರೆಯನ್ನು ಇಂದು ಹೇಳುತ್ತೇನೆ.

1916ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲುಟೆಂಬಾಕರ್ 61 ವಯಸ್ಸಿನ ಒಬ್ಬ ಹೆಂಗಸಿನ ಹೃದಯದ ಬಗ್ಗೆ ಬರೆದರು. ಆಕೆ ಏಳು ಬಾರಿ ಬಸುರಿಯಾಗಿದ್ದವಳು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತು. ಜೊತೆಗೆ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿತ್ತು. ಎರಡು ದೋಷ ಹೊತ್ತು ಅಷ್ಟು ವರ್ಷ ಬದುಕಿದ್ದು ಹೇಗೆ?

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬು ಕಿರಿದಾದರೆ ನೀರು ಹಿಂದೆ ನಿಲ್ಲುತ್ತದೆ. ಒಡ್ಡಿನಲ್ಲಿ ಬಿಲವಿದ್ದರೆ ಪಕ್ಕದ ಹೊಲಕ್ಕೆ ಹರಿಯುತ್ತದೆ. ಹಾಗೆಯೇ ಇಲ್ಲಿ, ಕಿರಿದಾದ ಕವಾಟದ ಹಿಂದೆ ನಿಂತ ರಕ್ತ ತೂತಿನಿಂದ ಬಲಕ್ಕೆ ನುಗ್ಗಿ, ಶ್ವಾಸಕೋಶದ ಮೇಲಿನ ಒತ್ತಡ ತಗ್ಗುತ್ತದೆ. ಕವಾಟದ ಸದ್ದೂ ಮಂದವಾಗುತ್ತದೆ. ಆದರೆ ಪಕ್ಕದ ಹೊಲ ಕೆಸರಾಗದೆ ಇದ್ದೀತೇ? ಹೃದಯದ ಬಲಭಾಗ ವರ್ಷಾನುಗಟ್ಟಲೆ ಹೆಚ್ಚಿನ ಹೊರೆ ಹೊತ್ತು ಹಿಗ್ಗಿ, ಕೊನೆಗೆ ಸೋಲುತ್ತದೆ.

ಈ ಜೋಡಿಯನ್ನು ಕೊರ್ವಿಸಾರ್ 1811ರಲ್ಲೇ ಗಮನಿಸಿದ್ದರು. ಹೆಸರು ಮಾತ್ರ ಲುಟೆಂಬಾಕರ್‌ಗೆ ಸಂದಿತು. ಅವರು ಕವಾಟದ ದೋಷವೂ ಹುಟ್ಟಿನಿಂದಲೇ ಬಂದದ್ದೆಂದು ತಿಳಿದಿದ್ದರು. ಹೆಚ್ಚಿನವರಲ್ಲಿ ಅದು ರುಮ್ಯಾಟಿಕ್ ಜ್ವರದ ಗಾಯವೆಂದು ಮುಂದೆ ಗೊತ್ತಾಯಿತು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುಳೇ ಇದು: ಒಂದು ದೋಷ ಹುಟ್ಟಿನದು, ಇನ್ನೊಂದು ಬಾಲ್ಯದ ಗಂಟಲುನೋವಿನಿಂದ ಶುರುವಾದದ್ದು.

1948ರಲ್ಲಿ ಅಮೆರಿಕದ ಬೇಯ್ಲಿ ಮತ್ತು ಹಾರ್ಕನ್ ಕಿರಿದಾದ ಕವಾಟವನ್ನು ಯಶಸ್ವಿಯಾಗಿ ಬಿಡಿಸಿದರು. 1984ರಲ್ಲಿ ಜಪಾನಿನ ಇನೌಯೆ, ಎದೆ ಕೊಯ್ಯದೆ ಬಲೂನಿನಿಂದ ಹಿಗ್ಗಿಸುವ ವಿಧಾನವನ್ನು ಪ್ರಕಟಿಸಿದರು. ತೂತು ಮುಚ್ಚುವ ಮೊದಲು ಕವಾಟವನ್ನೂ ಅಳೆಯಬೇಕು. ಬಿಲ ಮುಚ್ಚಿ ತೂಬು ಹಾಗೇ ಬಿಟ್ಟರೆ ರಕ್ತ ಶ್ವಾಸಕೋಶಕ್ಕೆ ಒತ್ತುತ್ತದೆ. ಎಕೋ ಪರೀಕ್ಷೆ ಈಗ ಎರಡನ್ನೂ ತೋರಿಸುತ್ತದೆ.

ಗಂಟಲುನೋವು ಬಂದು ಎರಡು-ಮೂರು ವಾರಕ್ಕೆ ಮಗುವಿನ ಕೀಲುನೋವು ಮಂಡಿಯಿಂದ ಮೊಣಕೈಗೆ ಅಲೆದಾಡಿದರೆ ಡಾಕ್ಟರಿಗೆ ತೋರಿಸಬೇಕು. ರುಮ್ಯಾಟಿಕ್ ಜ್ವರವೆಂದು ಖಾತ್ರಿಯಾದವರಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ವರ್ಷಗಟ್ಟಲೆ ಬೇಕು; ನೋವು ಹೋಯಿತೆಂದು ತಾಯಂದಿರು ನಡುವೆ ನಿಲ್ಲಿಸುವುದುಂಟು. ಲುಟೆಂಬಾಕರ್ ಬರೆದ ಕಾಲಕ್ಕೆ ಆ ಔಷಧವೇ ಇರಲಿಲ್ಲ. ಫ್ಲೆಮಿಂಗ್ ಅದನ್ನು ಕಂಡುಹಿಡಿದದ್ದು 1928ರಲ್ಲಿ.