ಅಂಗಡಿಯ ಹೆಸರೋ, ಅಂಗಿಯ ಹೆಸರೋ

ಭಾರತದ ಸಿದ್ಧ ಉಡುಪಿನ ವ್ಯಾಪಾರದಲ್ಲಿ ಇಂದು ದೊಡ್ಡದಾಗಿ ಬೆಳೆದಿರುವ ಎರಡು ಸಂಸ್ಥೆಗಳ ಕಥೆ ಸುಮಾರು ಹತ್ತು ವರ್ಷದ ಅಂತರದಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಒಂದು ಮೊದಲು ಅಂಗಿಗೆ ಹೆಸರಿಟ್ಟು ಆಮೇಲೆ ಅಂಗಡಿ ಕಟ್ಟಿತು. ಇನ್ನೊಂದು ಮೊದಲು ಅಂಗಡಿ ಕೊಂಡು ಆಮೇಲೆ ಅಂಗಿಗೆ ಹೆಸರಿಟ್ಟಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಬಟ್ಟೆ ಕಂಪನಿಯನ್ನು ಬೆಳೆಸುವುದು ಅದರ ಕೈಯಲ್ಲಿರುವ ಬ್ರ್ಯಾಂಡುಗಳ ಸಂಖ್ಯೆಗಿಂತ ಮಾಲಿನ ಬೆಲೆ, ಅಳತೆ, ದಾಸ್ತಾನುಗಳ ಮೇಲೆ ಅದಕ್ಕಿರುವ ಹಿಡಿತ ಎಂದು ನನಗೆ ತೋರುತ್ತದೆ.

ಮದುರಾ ಕೋಟ್ಸ್ ಮೂಲತಃ ನೂಲು, ದಾರದ ಕಂಪನಿ. ಅದರ ಉಡುಪು ವಿಭಾಗ 1989ರಲ್ಲಿ ಲೂಯಿ ಫಿಲಿಪ್, 1990ರಲ್ಲಿ ವ್ಯಾನ್ ಹ್ಯೂಸನ್, 1993ರಲ್ಲಿ ಅಲೆನ್ ಸೋಲಿ, 1997ರಲ್ಲಿ ಪೀಟರ್ ಇಂಗ್ಲೆಂಡ್ ಅಂಗಿಗಳನ್ನು ಮಾರುಕಟ್ಟೆಗೆ ತಂದಿತು. ಶರ್ಟ್ ಪೀಸ್ ಕೊಂಡು ದರ್ಜಿಗೆ ಅಳತೆ ಕೊಡುವುದೇ ಆಗ ಗಂಡಸರ ರೂಢಿ. ಆ ರೂಢಿಯನ್ನು ಮುರಿದದ್ದು ಜಾಹೀರಾತೊಂದೇ ಅಲ್ಲ, ಹೆಸರುಗಳ ನಡುವಿನ ಗೆರೆ ಕೂಡ. ಮೇಲಧಿಕಾರಿಗೆ ಒಂದು, ದಿನನಿತ್ಯದ ಆಫೀಸಿಗೆ ಒಂದು, ಶುಕ್ರವಾರ ಟೈ ಬಿಚ್ಚಿಟ್ಟು ಬರುವವನಿಗೆ ಒಂದು, ಮೊದಲ ಸಂಬಳದ ಹುಡುಗನಿಗೆ ಕೈಗೆಟಕುವಂಥದ್ದು ಇನ್ನೊಂದು. ಆದಿತ್ಯ ಬಿರ್ಲಾ ಸಮೂಹ ಈ ವಿಭಾಗವನ್ನು ಕೊಂಡಾಗ ಅದಕ್ಕೆ ಸಿಕ್ಕಿದ ನಿಜವಾದ ಆಸ್ತಿ ಈ ವಿಂಗಡಣೆಯೇ. ಮುಂದೆ ಸಮೂಹ ಪ್ಯಾಂಟಲೂನ್ಸ್ ಮಳಿಗೆಗಳನ್ನು ಕೊಂಡಿತು. 2019ರಿಂದ ಈಚೆಗೆ ಜೈಪೋರ್, ಸಬ್ಯಸಾಚಿ, ತರುಣ್ ತಹಿಲಿಯಾನಿ, ಮಸಾಬಾ ಹೀಗೆ ಒಂದರ ಹಿಂದೊಂದು ಹೆಸರುಗಳಲ್ಲಿ ಹಣ ಹೂಡಿತು. ಕಡೆಗೆ 2025ರಲ್ಲಿ ತನ್ನ ಉಡುಪು ಕಂಪನಿಯನ್ನೇ ಎರಡಾಗಿ ಒಡೆದು, ಹಳೆಯ ನಾಲ್ಕು ಹೆಸರುಗಳಿಗೆ ಬೇರೆ ಮನೆ ಮಾಡಿತು. ಹೊಸ ಸಾಹಸಗಳ ಹೊರೆ ಹಳೆಯ ಅಂಗಿಗಳ ಹೆಗಲ ಮೇಲೆ ಬಿದ್ದಿತ್ತು ಎಂದೇ ನಾನು ಇದನ್ನು ಓದುತ್ತೇನೆ.

ಟಾಟಾದವರು ಹಿಡಿದದ್ದು ಬೇರೆ ದಾರಿ. ಸಿಮೋನ್ ಟಾಟಾ ಬೆಳೆಸಿದ ಲ್ಯಾಕ್ಮೆ, ಅಂದರೆ ಸ್ನೋ, ಪೌಡರು, ಲಿಪ್‌ಸ್ಟಿಕ್ಕಿನ ಪ್ರಸಿದ್ಧ ಹೆಸರು, 1998ರಲ್ಲಿ ಹಿಂದೂಸ್ತಾನ್ ಲೀವರ್ ಪಾಲಾಯಿತು. ಗೆದ್ದ ಬ್ರ್ಯಾಂಡನ್ನೇ ಮಾರಿ ಬಂದ ಹಣದೊಂದಿಗೆ ಟ್ರೆಂಟ್ ಕಂಪನಿ ಹುಟ್ಟಿತು. ಬ್ರಿಟನ್ನಿನ ಲಿಟಲ್‌ವುಡ್ಸ್ ಬೆಂಗಳೂರಿನಲ್ಲಿ ನಡೆಸುತ್ತಿದ್ದ ಮಳಿಗೆಯನ್ನು ಕೊಂಡು ವೆಸ್ಟ್‌ಸೈಡ್ ಎಂದು ಹೆಸರಿಟ್ಟಿತು. ಅಲ್ಲಿ ಕ್ರಮೇಣ ಪರರ ಮಾಲು ಕಡಿಮೆಯಾಗಿ ತನ್ನದೇ ಲೇಬಲ್ಲುಗಳು ತುಂಬಿದವು. ಇದರ ಮಹತ್ವ ತಿಳಿಯಬೇಕಾದರೆ ಅಂಗಡಿಯ ಒಂದು ರ‍್ಯಾಕಿನ ಲೆಕ್ಕ ಸಾಕು. ಬೇರೆಯವರ ಅಂಗಿ ಮಾರುವ ಅಂಗಡಿಗೆ ದಕ್ಕುವುದು ಮಾರ್ಜಿನ್ ಮಾತ್ರ. ಮೀಡಿಯಂ, ಲಾರ್ಜ್ ಖಾಲಿಯಾಗಿ ತೀರ ಚಿಕ್ಕ, ತೀರ ದೊಡ್ಡ ಅಳತೆಗಳು ಉಳಿದರೆ ಸೀಸನ್ ಮುಗಿಯುವ ಹೊತ್ತಿಗೆ ಅರ್ಧ ಬೆಲೆಯ ಸೇಲ್ ಬೋರ್ಡು ತೂಗಬೇಕು. ಅಂಗಿಯೂ ತನ್ನದೇ ಆದರೆ ಯಾವ ಅಳತೆ, ಯಾವ ಬಣ್ಣ ಓಡುತ್ತಿದೆ ಎಂಬ ಸುದ್ದಿ ಬಿಲ್ಲಿಂಗ್ ಕೌಂಟರಿನಿಂದ ಮುಂದಿನ ಆರ್ಡರಿಗೆ ನೇರವಾಗಿ ಹೋಗುತ್ತದೆ. 2016ರಲ್ಲಿ ಬಂದ ಟ್ರೆಂಟ್‌ನದೇ ಇನ್ನೊಂದು ಮಳಿಗೆ ಸರಣಿ ಜುಡಿಯೊ ಇದೇ ಲೆಕ್ಕವನ್ನು ತುದಿಗೊಯ್ದಿತು. ಬಹುಪಾಲು ಬಟ್ಟೆಯ ಬೆಲೆ 999 ರೂಪಾಯಿ ದಾಟುವುದಿಲ್ಲ, ಜಾಹೀರಾತಿನ ಅಬ್ಬರವಿಲ್ಲ, ಆನ್‌ಲೈನ್ ಮಾರಾಟವೂ ಇಲ್ಲ. 2025ರ ಮಾರ್ಚ್ ಹೊತ್ತಿಗೆ ಅದರ ಮಳಿಗೆಗಳು 700 ದಾಟಿದ್ದವು. ಅದಕ್ಕೆ ಮುಂಚೆ, 2024ರಲ್ಲಿ, ಟ್ರೆಂಟ್ ಷೇರು ಷೇರುಪೇಟೆಯ ನಿಫ್ಟಿ 50 ಸೂಚ್ಯಂಕದ ಪಟ್ಟಿ ಸೇರಿತ್ತು.

ಟ್ರೆಂಟ್ ಕೂಡ ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿ, ಸ್ಟಾರ್ ಬಜಾರ್, ಝಾರಾ ಜೊತೆಗಿನ ಪಾಲುದಾರಿಕೆ ಎಂದು ನಾಲ್ಕು ಕಡೆ ಕೈಹಾಕಲಿಲ್ಲವೇ ಎಂದು ಕೇಳಬಹುದು. ಹಾಕಿತು, ನಿಜ. ಆದರೆ ಕಂಪನಿಯ ಭಾಗ್ಯ ತೆರೆದದ್ದು ಅಲ್ಲೆಲ್ಲೂ ಅಲ್ಲ. ಪುಸ್ತಕದ ವ್ಯಾಪಾರವಂತೂ ಸೊರಗಿಹೋಯಿತು. ಇನ್ನು ಬಿರ್ಲಾ ಸಮೂಹ ಹಣ ಹೂಡಿದ ಸಬ್ಯಸಾಚಿಯಂಥ ಹೆಸರುಗಳ ಪರವಾಗಿ, ಮದುವೆಯ ಲೆಹೆಂಗಾ, ಶೇರ್ವಾನಿಗಳ ಕುಶಲತೆಯನ್ನು ಮನೆಯೊಳಗೆ ಬೆಳೆಸಲಾಗದು, ಹೆಸರಾಂತ ವಿನ್ಯಾಸಕಾರರ ಜೊತೆ ಕೂಡಲೇಬೇಕು ಎನ್ನುವವರ ಮಾತಿನಲ್ಲಿ ಹುರುಳು ಹೆಚ್ಚು. ಅದನ್ನು ಒಪ್ಪುತ್ತೇನೆ. ಆದರೆ ಅದು ಅಳತೆ ಕೊಟ್ಟು ಹೊಲಿಸುವ ಕಸುಬು. ಸಾವಿರಾರು ಅಂಗಿಗಳನ್ನು ಒಂದೇ ಅಚ್ಚಿನಲ್ಲಿ ಮಾರುವ ಕಂಪನಿಯ ಲೆಕ್ಕ ಅಲ್ಲಿ ನಡೆಯದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೊಲಿಯುವವರ ಕಡೆಯದು. ಕಂಪನಿಯ ಹಿಡಿತ ಬಿಗಿಯಾದಷ್ಟೂ 299, 499ರ ಗಡಿಯೊಳಗೆ ಅಂಗಿ ಮುಗಿಸುವ ಒತ್ತಡ ಬೀಳುವುದು ಕೊನೆಗೆ ಗಾರ್ಮೆಂಟ್ಸ್ ಲೈನಿನ ಮೇಲೆಯೇ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಹಾಕಿದ ನಿರ್ಬಂಧದ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಾಲರಿನ ಮೇಲಿನ ಹೆಸರುಗಳು ಬೆಳೆದ ಊರಿನಲ್ಲಿ ಅಂಗಿ ಹೊಲಿಯುವವರಿಗೆ ಆ ಚಿಕ್ಕ ಉಳಿತಾಯವೇ ದೊಡ್ಡ ಆಸರೆಯಾಗಿತ್ತು. ಈ ಆಕ್ಷೇಪಕ್ಕೆ ನನ್ನ ವಾದದಲ್ಲಿ ಪೂರ್ತಿ ಉತ್ತರವಿಲ್ಲ. ಗುಂಡಿಯ ಬಣ್ಣದಿಂದ ಹಿಡಿದು ಮಳಿಗೆಯ ದೀಪದವರೆಗೆ ಎಲ್ಲವನ್ನೂ ತಾನೇ ನಿರ್ಧರಿಸುವ ಬ್ರ್ಯಾಂಡ್, ಕೂಲಿಯ ಮಾತು ಬಂದ ಕೂಡಲೇ ಅದು ಗುತ್ತಿಗೆ ಪಡೆದ ಕಾರ್ಖಾನೆಗೆ ಬಿಟ್ಟ ವಿಷಯ ಎನ್ನುತ್ತದೆ. ಕಾರ್ಖಾನೆಯವರು ತೋರಿಸುವುದು ಸರ್ಕಾರದ ಕನಿಷ್ಠ ವೇತನದ ಅಧಿಸೂಚನೆಯನ್ನು.